ಮದ್ದುಗುಣಿಕೆಯ ಮರ್ಮ

ಗಜೇಂದ್ರಗಡದ ಹತ್ತಿರದ ಸೂಡಿಯನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಇಂದು ಅದೊಂದು ಸಣ್ಣ ಊರು. ಆದರೆ ಕಲ್ಯಾಣ ಚಾಲುಕ್ಯರ ಕಾಲದಲ್ಲಿ, 11ನೆಯ ಶತಮಾನದಲ್ಲಿ, ಅಕ್ಕಾದೇವಿಯೆಂಬ ರಾಜಪುತ್ರಿ ಆಳಿದ ಕಿಸುಕಾಡು-70 ಎಂಬ ನಾಡಿನ ಮುಖ್ಯ ಪಟ್ಟಣ. ಜೋಡುಕಳಸದ ಗುಡಿ, ಮಲ್ಲಿಕಾರ್ಜುನನ ಗುಡಿ, ನಾಗಕುಂಡ ಇವೆಲ್ಲ ಆ ವೈಭವದ ಸಾಕ್ಷಿಗಳು. ಶಿವನ ಪೂಜೆಗೆ ಸಲ್ಲುವ ಹೂಗಳಲ್ಲಿ ಕಹಳೆಯಾಕಾರದ ಉಮ್ಮತ್ತಿಯೂ ಒಂದು. ದತ್ತೂರಿ ಎಂದರೂ ಅದೇ, ಮದ್ದುಗುಣಿಕೆ ಎಂದರೂ ಅದೇ. ದೇವರ ಮುಡಿಗೇರುವ ಈ ಗಿಡ ಮನುಷ್ಯನ ಹೊಟ್ಟೆಗಿಳಿದರೆ ಪ್ರಾಣಕ್ಕೇ ಮುಳುವು. ಇದರ ಮರ್ಮವೇನು?

ನಮ್ಮ ಹಿರಿಯರು ಇಂಥ ಪ್ರಶ್ನೆಗಳನ್ನು ಕಡೆಗಣಿಸಿದವರಲ್ಲ. ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು ಕನ್ನಡದಲ್ಲಿ ‘ಗೋವೈದ್ಯ’ವನ್ನು ಬರೆದನು. ವಿಜಯನಗರದ ಆದಿಕಾಲದಲ್ಲಿ, ಸುಮಾರು 1360ರಲ್ಲಿ, ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ಗ್ರಂಥವನ್ನು ವಿಷವೈದ್ಯಕ್ಕೇ ಮೀಸಲಾಗಿಟ್ಟನು. ಆಯುರ್ವೇದವು ಉಮ್ಮತ್ತಿಯನ್ನು ಉಪವಿಷಗಳಲ್ಲಿ ಎಣಿಸಿ, ಶೋಧಿಸದೆ ಬಳಸಕೂಡದೆಂದು ವಿಧಿಸಿತು. ಸಂಸ್ಕೃತದಲ್ಲಿ ಇದರ ಹೆಸರೇ ಉನ್ಮತ್ತ. ತಿಂದವನ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಅಗಲಿಸುತ್ತದೆ, ಎದೆ ಡವಗುಟ್ಟುತ್ತದೆ, ಮಾತು ತಪ್ಪುತ್ತದೆ. ಹೀಗೆ ಲಕ್ಷಣಗಳು ತಿಳಿದಿದ್ದವು. ಕಾರಣ ತಿಳಿಯಲು ಶತಮಾನಗಳು ಬೇಕಾದವು.

ನೀವು ಊಟ ಮಾಡಿದಿರಿ. ಅನ್ನ ಅರಗಲೆಂದು ಕರುಳಿಗೆ ಅಪ್ಪಣೆ ಕೊಟ್ಟಿರಾ? ನಿದ್ದೆಯಲ್ಲಿ ಹೃದಯವನ್ನು ನಡೆಸುವವರಾರು? ನಮ್ಮ ಇಚ್ಛೆಯನ್ನು ಕೇಳದೆ ಇಂಥ ಕೆಲಸಗಳ ಹದ ಕಾಯುವ ನರಗಳ ವ್ಯವಸ್ಥೆಯೊಂದುಂಟು. ಕೇಂಬ್ರಿಜ್ಜಿನ ಲ್ಯಾಂಗ್ಲಿ ಎಂಬ ಪಂಡಿತನು 1898ರಲ್ಲಿ ಅದಕ್ಕೆ ಹೆಸರಿಟ್ಟನು. ನಾವು ಅದನ್ನು ಸ್ವಯಂಚಾಲಿತ ನರಮಂಡಲ ಎನ್ನೋಣ. ಇದಕ್ಕೆ ಎರಡು ಪಂಗಡ. ಒಂದು, ಬಂಡಿಯವನ ಬಾರಕೋಲಿನಂತೆ, ಹೆದರಿಕೆ ಹೋರಾಟಗಳ ವೇಳೆಗೆ ಎದೆಬಡಿತವನ್ನು ಚುರುಕುಗೊಳಿಸುತ್ತದೆ. ಇನ್ನೊಂದು, ಜಗ್ಗಿ ಹಿಡಿದ ಹಗ್ಗದಂತೆ, ಅದನ್ನು ನಿಧಾನಗೊಳಿಸುತ್ತದೆ. ಜೊಲ್ಲು ಸುರಿಸಿ ಪಚನಕ್ಕೆ ಅನುವು ಮಾಡಿಕೊಡುತ್ತದೆ.

ನರವು ತನ್ನ ಆಜ್ಞೆಯನ್ನು ಅಂಗಕ್ಕೆ ಮುಟ್ಟಿಸುವುದು ಹೇಗೆ? 1921ರಲ್ಲಿ ಆಸ್ಟ್ರಿಯದ ಓಟೊ ಲೋವಿ ಎಂಬವರು ಕಪ್ಪೆಯ ಹೃದಯವೊಂದರ ನರವನ್ನು ಕೆರಳಿಸಿದರು, ಬಡಿತ ನಿಧಾನವಾಯಿತು. ಅದು ನೆನೆದಿದ್ದ ದ್ರವವನ್ನು ಮತ್ತೊಂದು ಹೃದಯಕ್ಕೆ ಹಾಕಲು, ಅದರ ಬಡಿತವೂ ನಿಧಾನವಾಯಿತು! ನರದ ತುದಿಯಿಂದ ಒಂದು ರಾಸಾಯನಿಕ ದೂತ ಹೊರಡುತ್ತದೆಂಬುದು ಸಿದ್ಧವಾಯಿತು. ಆ ದೂತನ ಹೆಸರು ಅಸಿಟೈಲ್‌ಕೋಲಿನ್. ಈ ಶೋಧಕ್ಕಾಗಿ ಲೋವಿಯವರಿಗೂ ಇಂಗ್ಲೆಂಡಿನ ಡೇಲ್‌ ಅವರಿಗೂ 1936ರ ನೊಬೆಲ್ ಪಾರಿತೋಷಕ ಸಂದಿತು.

ಈಗ ಉಮ್ಮತ್ತಿಯ ಗುಟ್ಟು ಬಯಲಾಯಿತು. ಬದನೆಯ ಕುಟುಂಬಕ್ಕೇ ಸೇರಿದ ಬೆಲ್ಲಡೊನ್ನದಿಂದ 1831ರಲ್ಲಿ ಬೇರ್ಪಡಿಸಿದ ಅಟ್ರೊಪಿನ್ನಿನ ಒಡಹುಟ್ಟುಗಳೇ ಉಮ್ಮತ್ತಿಯಲ್ಲಿಯೂ ಇವೆ. ಇವು ದೂತನು ಕೂಡಬೇಕಾದ ಮಣೆಯ ಮೇಲೆ ತಾವೇ ಕುಳಿತುಬಿಡುತ್ತವೆ. ಹಗ್ಗದ ಹಿಡಿತ ಸಡಿಲುತ್ತದೆ. ಎದೆ ಓಡುತ್ತದೆ, ಬಾಯಿ ಒಣಗುತ್ತದೆ. ಉಬ್ಬಸಕ್ಕೆ ಇದರ ಹೊಗೆ ಎಳೆಯುವ ನಮ್ಮ ದಕ್ಷಿಣದ ರೂಢಿ 1802ರಲ್ಲಿ ಮದರಾಸಿನಿಂದ ಇಂಗ್ಲೆಂಡಿಗೆ ಹೋದುದೂ ಇದೇ ಗುಣದಿಂದ; ಬಿಗಿದ ಶ್ವಾಸನಾಳ ತೆರೆಯುತ್ತಿತ್ತು. ಬಾರಕೋಲಿನ ಪಂಗಡವನ್ನು ತಣಿಸುವ ಬೇರೂ ನಮ್ಮಲ್ಲಿಯೇ ಉಂಟು: ಸರ್ಪಗಂಧ. ರಕ್ತದ ಒತ್ತಡಕ್ಕೆ ಅದರ ಉಪಯೋಗವನ್ನು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು 1949ರಲ್ಲಿ ಜಗತ್ತಿನ ವೈದ್ಯರ ಮುಂದಿಟ್ಟರು.

ಈ ಇತಿಹಾಸ ನಮ್ಮ ಎರೆಯ ಹೊಲಗಳನ್ನೂ ಮುಟ್ಟಿದೆ. ಹತ್ತಿ, ಮೆಣಸಿನ ಬೆಳೆಗಳಿಗೆ ಸಿಂಪಡಿಸುವ ಕೀಟನಾಶಕಗಳಲ್ಲಿ ರಂಜಕದ ಅಂಶವುಳ್ಳ ಒಂದು ಜಾತಿಯವು ಆ ದೂತನನ್ನು ಅಳಿಸುವ ಕಿಣ್ವವನ್ನೇ ಕಟ್ಟಿಹಾಕುತ್ತವೆ. ದೂತರು ಕಿಕ್ಕಿರಿಯುತ್ತಾರೆ. ಪಾಪೆ ಸೂಜಿಮೊನೆಯಷ್ಟಾಗುತ್ತದೆ, ಜೊಲ್ಲು ಬೆವರು ಸುರಿಯುತ್ತವೆ, ಶ್ವಾಸಕೋಶ ದ್ರವದಿಂದ ತುಂಬುತ್ತದೆ. ಉಮ್ಮತ್ತಿಯ ಲಕ್ಷಣಗಳಿಗೆ ತದ್ವಿರುದ್ಧ! ಆದುದರಿಂದ ಆಸ್ಪತ್ರೆಯಲ್ಲಿ ಇದಕ್ಕೆ ಕೊಡುವ ಮೊದಲ ಮದ್ದು ಅಟ್ರೊಪಿನ್. ಕ್ಷಣಕ್ಷಣಕ್ಕೂ ರೋಗಿಯನ್ನು ನೋಡುತ್ತ, ಅಳತೆ ಹಾಕಿ ಅದನ್ನು ಚುಚ್ಚುತ್ತಾರೆ.

ಹಾಗೆಂದು ಯಾರೂ ಬೇಲಿಯ ಉಮ್ಮತ್ತಿಯನ್ನು ಅರೆದು ಕುಡಿಸಬಾರದು. ಕಾಯಿಂದ ಕಾಯಿಗೆ ಅದರ ಬಲ ಬೇರೆ. ಒಂದು ವಿಷದ ಮೇಲೆ ಇನ್ನೊಂದು ವಿಷವಾದೀತು. ಹೊಲದಲ್ಲಿ ಯಾರಿಗಾದರೂ ಹೀಗಾದರೆ ಬಟ್ಟೆ ತೆಗೆದು, ಸಾಬೂನು ನೀರಿನಿಂದ ಮೈ ತೊಳೆದು, ಔಷಧದ ಡಬ್ಬಿಯ ಸಮೇತ ತಡಮಾಡದೆ ದವಾಖಾನೆಗೆ ಒಯ್ಯಿರಿ. ತೊಳೆಯುವವರು ತಮ್ಮ ಕೈಗೂ ಅದು ತಾಗದಂತೆ ನೋಡಿಕೊಳ್ಳಲಿ.

ಕನ್ನಡದಲ್ಲಿ ರೋಗ ಕಳೆಯುವುದೂ ಮದ್ದು. ಹಗೆ ಸಾಧಿಸಲು ಹಾಕುವುದೂ ಮದ್ದು. ಮಾತನ್ನು ಕಟ್ಟಿದ ಹಿರಿಯರಿಗೆ ಅಳತೆಯ ಬೆಲೆ ತಿಳಿದಿತ್ತು. ಮುಂದೆ ಸೂಡಿಗೆ ಹೋದಾಗ ಗುಡಿಯ ಶಿಲ್ಪವನ್ನು ಕಣ್ತುಂಬ ನೋಡಿರಿ; ದಾರಿಯ ಬದಿಗೆ ಉಮ್ಮತ್ತಿ ಅರಳಿದ್ದರೆ ಮಕ್ಕಳಿಗೆ ಗುರುತು ಹಚ್ಚಿಕೊಟ್ಟು, ಬಾಯಿಗೆ ಹಾಕಬಾರದೆಂದು ಹೇಳಿರಿ.