ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣ: ಎಲ್ಲವೂ ಕೆಮಿಕಲ್ಲಾ?

ಹೊಂಡದ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಕಂಡರೆ ಸಾಕು, ‘ಕೆಮಿಕಲ್ ಬಿಟ್ಟಿದ್ದಾರೆ, ಎಲ್ಲರಿಗೂ ಕಳಿಸಿ’ ಎಂದು ಫೋಟೊ ಗ್ರೂಪಿನಿಂದ ಗ್ರೂಪಿಗೆ ಓಡುತ್ತದೆ. ಫಾರ್ವರ್ಡ್ ಮಾಡುವ ಮೊದಲು ಒಂದು ಕಡ್ಡಿಯಿಂದ ಆ ಪೊರೆಯನ್ನು ಕಲಕಿ ನೋಡಿ.

ಗಾಜಿನಂತೆ ಒಡೆದು, ತುಂಡುಗಳು ಬೇರೆಬೇರೆಯಾಗಿಯೇ ಉಳಿದರೆ ಅದು ಬಹುಮಟ್ಟಿಗೆ ಕಬ್ಬಿಣದ ಪೊರೆ. ನೆಲದಿಂದ ಜಿನುಗುವ ನೀರಿನಲ್ಲಿ ಕರಗಿರುವ ಕಬ್ಬಿಣ ಗಾಳಿ ತಾಗಿದಾಗ, ಕೆಲವು ಬ್ಯಾಕ್ಟೀರಿಯಾಗಳ ನೆರವಿನಿಂದ, ಮೇಲ್ಮೈಯಲ್ಲಿ ತೆಳುವಾದ ತುಕ್ಕಾಗಿ ಕಟ್ಟುತ್ತದೆ. ಬಾದಾಮಿಯ ಬಂಡೆಗಳ ಕೆಂಪಿಗೂ ಕಬ್ಬಿಣದ ಆಕ್ಸೈಡೇ ಕಾರಣ. ಕಲಕಿದ ಜಾಗ ಮತ್ತೆ ಕೂಡಿಕೊಂಡರೆ ಮಾತ್ರ ಎಣ್ಣೆ ಅಥವಾ ಡೀಸೆಲ್ ಎಂದು ಅನುಮಾನಿಸಬೇಕು.

ಬಣ್ಣ ಕಾಣಬೇಕಾದರೆ ಪೊರೆ ನೂರಾರು ನ್ಯಾನೊಮೀಟರ್ ದಪ್ಪ ಇರಬೇಕು. ಒಂದು ನ್ಯಾನೊಮೀಟರ್ ಎಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಇದಕ್ಕಿಂತ ತೆಳುವಾದ, ಕಣ್ಣಿಗೆ ಕಾಣದ ಪೊರೆಗಳೂ ಇವೆ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಒಂದು ಕೆರೆಗೆ ಚಮಚ ಎಣ್ಣೆ ಸುರಿದಾಗ ಅದು ಅರ್ಧ ಎಕರೆಗೆ, ಅಂದರೆ ನಮ್ಮ 20 ಗುಂಟೆಗೆ, ಹರಡಿ ಅಲೆಗಳನ್ನು ಅಡಗಿಸಿತು. ಆ ವಿವರ 1774ರಲ್ಲಿ ಪ್ರಕಟವಾಯಿತು. ಲೆಕ್ಕ ಹಾಕಿದರೆ ದಪ್ಪ ಸುಮಾರು ಎರಡೂವರೆ ನ್ಯಾನೊಮೀಟರ್, ಹೆಚ್ಚುಕಡಿಮೆ ಒಂದೇ ಅಣುವಿನ ಎತ್ತರ!

ಯಾರೂ ಜೋಡಿಸದೆ ಇದು ಹೇಗೆ ಸಾಧ್ಯ? ಇಂಥ ಅಣುವಿನ ಒಂದು ತುದಿಗೆ ನೀರು ಬೇಕು, ಇನ್ನೊಂದಕ್ಕೆ ಬೇಡ. ಹಾಗಾಗಿ ಅವು ತಲೆ ನೀರಿಗೆ, ಬಾಲ ಗಾಳಿಗೆ ಮಾಡಿ ಒತ್ತೊತ್ತಾಗಿ ನಿಲ್ಲುತ್ತವೆ. ತಟ್ಟೆಯ ನೀರಿಗೆ ಕಾಳುಮೆಣಸಿನ ಪುಡಿ ಉದುರಿಸಿ, ಸೋಪು ಹಚ್ಚಿದ ಬೆರಳು ಮುಟ್ಟಿಸಿ. ಪುಡಿ ಅಂಚಿಗೆ ಓಡುತ್ತದೆ. ಅದು ಸೋಪಿನ ಅಣುಗಳು ಪೊರೆ ಕಟ್ಟುತ್ತಿರುವ ಹೊತ್ತು, ಮಂತ್ರವಲ್ಲ. ಇದನ್ನು ಮೊದಲು ಅಚ್ಚುಕಟ್ಟಾಗಿ ಅಳೆದವರು ಕಾಲೇಜು ಮೆಟ್ಟಿಲು ಹತ್ತದ ಜರ್ಮನಿಯ ಆಗ್ನೆಸ್ ಪೊಕೆಲ್ಸ್, ಅದೂ ಮನೆಗೆಲಸದ ನಡುವೆ. ಅವರ ಪತ್ರ 1891ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಈಗ ಇದೇ ವಿಧಾನದಿಂದ ವಿಜ್ಞಾನಿಗಳು ನ್ಯಾನೊ ಹಾಳೆಗಳನ್ನು ಮಾಡುತ್ತಾರೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಇಂಥ ಪೊರೆಗಳ ಅಧ್ಯಯನ ನಡೆದಿದೆ.

ಕಡ್ಡಿಯ ಪರೀಕ್ಷೆ ಪೊರೆ ಯಾವುದೆಂದು ಹೇಳುತ್ತದೆ, ನೀರು ಕುಡಿಯಬಹುದೇ ಎಂದಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ, ಅದರಲ್ಲೂ ಹುನಗುಂದ–ಇಳಕಲ್ ಕಡೆಯ ಗ್ರಾನೈಟ್ ನೆಲದಲ್ಲಿ, ಚಿಂತೆ ಮಾಡಬೇಕಾದ್ದು ಕೊಳವೆಬಾವಿಯ ಫ್ಲೋರೈಡ್ ಬಗ್ಗೆ. ಅದಕ್ಕೆ ಪೊರೆಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಫೋಟೊದಲ್ಲಿ ಬೀಳುವುದೇ ಇಲ್ಲ! ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 1.5ರವರೆಗೆ ಮಿತಿ. ವರ್ಷಗಟ್ಟಲೆ ಇದಕ್ಕಿಂತ ಹೆಚ್ಚು ಕುಡಿದರೆ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಮೂಳೆ ಬಿಗಿಯುತ್ತದೆ. ಪಂಚಾಯಿತಿಯಲ್ಲಿ ವಿಚಾರಿಸಿ ನೀರನ್ನು ಪರೀಕ್ಷೆಗೆ ಕೊಡಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದರ ಪ್ರಮಾಣ ಏರುತ್ತದೆ.