ರಕ್ತದ ಕತೆಗಳೂ ನಮ್ಮ ಮಕ್ಕಳೂ

ಹತ್ತನೆಯ ತರಗತಿಗೆ ರನ್ನನ ಗದಾಯುದ್ಧದ ಭಾಗವೊಂದನ್ನು ಪಾಠ ಹೇಳುತ್ತಿದ್ದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: “ಸಾರ್, ಭೀಮ ತೊಡೆ ಮುರಿದರೆ ಪಾಠ, ನಮ್ಮ ಹೀರೋ ಕೈ ಮುರಿದರೆ ಕೆಟ್ಟ ಸಿನಿಮಾ. ಅದು ಹೇಗೆ ಸಾರ್?” ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅಷ್ಟರಲ್ಲಿ ಗಂಟೆ ಬಾರಿಸಿದ್ದರಿಂದ ಉತ್ತರ ಹೇಳುವ ಕಷ್ಟ ಆ ಹೊತ್ತಿಗೆ ತಪ್ಪಿತು. ಆದರೆ ಪ್ರಶ್ನೆ ಮಾತ್ರ ನನ್ನ ಜೊತೆಯಲ್ಲೇ ಮನೆಗೆ ಬಂದಿತು.

ವಾಚಕರೆ, ಈ ಪ್ರಶ್ನೆ ನಿಮ್ಮ ಮನೆಗೂ ಒಂದಲ್ಲ ಒಂದು ಬಗೆಯಲ್ಲಿ ಬಂದಿರಬೇಕು. ಮಕ್ಕಳು ಮೆಚ್ಚುವ ಹೊಡೆದಾಟದ ಚಿತ್ರಗಳನ್ನೂ ಶಾಲೆಯಲ್ಲಿ ಪಾಠಕ್ಕೆ ತೆಗೆದುಕೊಂಡರೆ ತಪ್ಪೇನು ಎನ್ನುವವರಿದ್ದಾರೆ. ಅಂಥವುಗಳ ಹೆಸರನ್ನು ಕೂಡ ಶಾಲೆಯ ಬಾಗಿಲೊಳಗೆ ತರಬಾರದು ಎನ್ನುವವರೂ ಇದ್ದಾರೆ. ಇಬ್ಬರಲ್ಲಿ ಯಾರು ಸರಿ ಎಂದು ತೀರ್ಮಾನಿಸುವ ಮೊದಲು, ರಕ್ತದ ಕತೆಗಳನ್ನು ನಮ್ಮ ಹಿರಿಯರು ಎಳೆಯರಿಗೆ ಹೇಗೆ ಹೇಳಿಕೊಂಡು ಬಂದರು ಎಂಬುದನ್ನು ನೋಡುವುದು ಒಳ್ಳೆಯದು. ಅದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹಾಸನ ಜಿಲ್ಲೆಯೇ ಸಾಕು.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯನ್ನು ಸುತ್ತಿ ಬನ್ನಿ. ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಕೆಡವಿಕೊಂಡು ಕರುಳು ಬಗೆಯುತ್ತಿರುವ ನರಸಿಂಹ ಅಲ್ಲಿದ್ದಾನೆ. ತಾಯಿಯ ಸೊಂಟದ ಮೇಲಿನ ಕೂಸು ಕೂಡ ನೋಡಲೆಂದೇ ಅದನ್ನು ಕಡೆದಿಟ್ಟಿದ್ದಾರೆ. ಇಂಥ ವಯಸ್ಸಿನವರಿಗೆ ಮಾತ್ರ ಎಂದು ಯಾರೂ ಬರೆದಿಟ್ಟಿಲ್ಲ. ಈಗ ಹೇಮಾವತಿಯ ದಂಡೆಯ ಹೊಳೆನರಸೀಪುರಕ್ಕೆ ಬನ್ನಿ. ಅಥವಾ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಗೆ ಹೋಗಿ. ಅಲ್ಲಿನ ದೇವಾಲಯವನ್ನು 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ. ಎರಡು ಊರುಗಳಲ್ಲೂ ಪೂಜೆಗೊಳ್ಳುವವನು ಲಕ್ಷ್ಮೀನರಸಿಂಹ, ಎಂದರೆ ಸಿಟ್ಟು ಇಳಿದು ಶಾಂತನಾದ ನರಸಿಂಹ. ಉಗ್ರನನ್ನು ತಣಿಸಿದವನು ಪ್ರಹ್ಲಾದನೆಂಬ ಬಾಲಕ ಎಂದು ಪುರಾಣ ಹೇಳುತ್ತದೆ. ನಮ್ಮ ಹಿರಿಯರು ಕ್ರೌರ್ಯವನ್ನು ಮುಚ್ಚಿಡಲಿಲ್ಲ. ಆದರೆ ಕತೆಯನ್ನು ಕರುಳು ಬಗೆಯುವಲ್ಲಿಗೇ ನಿಲ್ಲಿಸಲೂ ಇಲ್ಲ.

ಊರಾಚೆ ನಿಂತ ವೀರಗಲ್ಲುಗಳೂ ಹಾಗೆಯೇ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಅದರ ಮೇಲೆ ಸತ್ತ ವೀರನನ್ನು ಒಯ್ಯುತ್ತಿರುವ ದೇವಕನ್ಯೆಯರು. ಎಲ್ಲಕ್ಕೂ ಮೇಲೆ ದೇವರ ಸನ್ನಿಧಿ. ಸಾವನ್ನು ಹೀಗೆ ಸಿಂಗರಿಸಿ ತೋರಿಸಿದ್ದರಿಂದ ಎಷ್ಟೋ ತರುಣರು ಸಾಯಲು ಹುಮ್ಮಸ್ಸು ಪಡೆದಿರಬಹುದು, ಅದನ್ನು ಒಪ್ಪಿಕೊಳ್ಳಬೇಕು. ಹಳೆಯದೆಲ್ಲ ಒಳ್ಳೆಯದು ಎಂದು ನಾನು ವಾದಿಸುತ್ತಿಲ್ಲ. ಆದರೂ ಬಿದ್ದವನು ಯಾರು, ಯಾವುದಕ್ಕಾಗಿ ಬಿದ್ದ, ತುರು ಹಿಡಿದವರನ್ನು ತಡೆದನೋ, ಊರು ಕಾದನೋ ಎಂಬುದನ್ನು ಎಷ್ಟೋ ಕಲ್ಲುಗಳ ಮೇಲೆ ಹೆಸರು ಹಿಡಿದು ಬರೆದಿದ್ದಾರೆ. ಈ ‘ಹೆಸರು’ ಎಂಬ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ.

ಇನ್ನು ನಾಟಕದ ಮಾತು. ಯುದ್ಧ, ಮರಣ, ನಗರದ ಮುತ್ತಿಗೆ ಮುಂತಾದವನ್ನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದ ಮೂಲಕ ಸೂಚಿಸಬೇಕೆಂದು ಭರತನ ನಾಟ್ಯಶಾಸ್ತ್ರ ವಿಧಿಸಿದೆ. ಗ್ರೀಕರ ರುದ್ರನಾಟಕಗಳಲ್ಲಿಯೂ ಕೊಲೆ ಸಾಮಾನ್ಯವಾಗಿ ತೆರೆಯ ಮರೆಯಲ್ಲಿ ನಡೆಯುತ್ತದೆ. ದೂತನೊಬ್ಬ ಬಂದು ಸುದ್ದಿ ಹೇಳುತ್ತಾನೆ. ನಮ್ಮ ಹಳ್ಳಿಗರಾದರೋ ಈ ಕಟ್ಟಳೆಗೆ ಅಷ್ಟಾಗಿ ಸೊಪ್ಪು ಹಾಕಿದವರಲ್ಲ. ಮೂಡಲಪಾಯದ ಬಯಲಾಟದಲ್ಲಾಗಲಿ, ಹಾರ್ಮೋನಿಯಂ ಮೇಷ್ಟರು ಕಲಿಸಿದ ‘ಕುರುಕ್ಷೇತ್ರ’ ನಾಟಕದಲ್ಲಾಗಲಿ ಭೀಮನ ಆರ್ಭಟ ಕಣ್ಣೆದುರಿಗೇ ನಡೆಯುತ್ತದೆ. ಚಾಪೆ ಹಾಸಿ ಕುಳಿತ ಮಕ್ಕಳು ಕಣ್ಣರಳಿಸಿ ನೋಡುತ್ತಾರೆ. ಆದರೆ ಅವರ ಪಕ್ಕದಲ್ಲಿ ಅಜ್ಜಿ ಇರುತ್ತಾಳೆ, ಮಾವ ಇರುತ್ತಾನೆ; “ಪಾಪ, ಅವನೂ ತಾಯಿಗೆ ಮಗನೇ” ಎಂಬ ಮಾತು ಕತ್ತಲೆಯಲ್ಲಿ ಕಿವಿಗೆ ಬೀಳುತ್ತದೆ. ಬೆಳಗಾದ ಮೇಲೆ ದುರ್ಯೋಧನನೂ ಭೀಮನೂ ಒಂದೇ ಅಂಗಡಿಯಲ್ಲಿ ಕಾಫಿ ಕುಡಿಯುವುದನ್ನೂ ಆ ಮಕ್ಕಳು ಕಾಣುತ್ತಾರೆ.

ಈಗ ರನ್ನನ ಕಡೆಗೆ ಬರೋಣ. ಮುಧೋಳದ ಕಡೆಯಿಂದ ಬಂದ ಈ ಕವಿ ವಿದ್ಯೆ ಕಲಿತದ್ದು ನಮ್ಮ ಶ್ರವಣಬೆಳಗೊಳದಲ್ಲಿ, ಅಜಿತಸೇನಾಚಾರ್ಯರ ಬಳಿ. ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂದು ಕೊರೆದಿರುವ ಹೆಸರು ಅವನದೇ ಎಂದು ವಿದ್ವಾಂಸರು ಹೇಳುತ್ತಾರೆ. ತನ್ನ ಅರಸನಾದ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಅವನು ಗದಾಯುದ್ಧವನ್ನು ಬರೆದ. ಅರಸನನ್ನು ಮೆಚ್ಚಿಸಲು ಭೀಮನ ಗದೆಯೊಂದೇ ಸಾಕಾಗಿತ್ತು. ಆದರೆ ಕವಿ ಏನು ಮಾಡಿದ? ದುರ್ಯೋಧನನನ್ನು ಸಂಜಯನ ಜೊತೆಗೆ ಹೆಣಗಳ ನಡುವೆ ನಡೆಸಿದ. ದ್ರೋಣ, ಅಭಿಮನ್ಯು, ಲಕ್ಷಣಕುಮಾರ, ದುಶ್ಶಾಸನ, ಕರ್ಣ, ಹೀಗೆ ಒಬ್ಬೊಬ್ಬರ ಮುಂದೆಯೂ ಅವನನ್ನು ನಿಲ್ಲಿಸಿ ಅಳಿಸಿದ. ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯವನ್ನು ಆ ಹಗೆಯ ಬಾಯಿಂದಲೇ ಹೊಗಳಿಸಿದ. ಗೆದ್ದವನ ಕಾವ್ಯದಲ್ಲಿ ಸೋತವನಿಗಾಗಿ ನಾವು ಕಣ್ಣೀರಿಡುವಂತೆ ಮಾಡಿದ. 1926ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಇದೇ ಕಾವ್ಯವನ್ನು ರುದ್ರನಾಟಕವಾಗಿ ಅಳವಡಿಸಿದ್ದೂ ಅದರಲ್ಲಿ ಈ ದುಃಖವನ್ನು ಕಂಡದ್ದರಿಂದಲೇ.

ರನ್ನನಿಗೆ ಆಶ್ರಯವಿತ್ತವರಲ್ಲಿ ಒಬ್ಬನಾದ ಚಾವುಂಡರಾಯ ಗಂಗರ ದಂಡನಾಯಕ. ಸಮರಪರಶುರಾಮ, ವೀರಮಾರ್ತಂಡ ಎಂಬ ಬಿರುದುಗಳನ್ನು ರಣದಲ್ಲಿ ಗಳಿಸಿದವನು. ಅಂಥವನು 981ರ ಸುಮಾರಿಗೆ ದೊಡ್ಡಬೆಟ್ಟದ ಮೇಲೆ ನಿಲ್ಲಿಸಿದ್ದು ಕತ್ತಿ ಹಿಡಿದ ವೀರನನ್ನಲ್ಲ, ಎಲ್ಲವನ್ನೂ ಕೆಳಗಿಟ್ಟ ಬಾಹುಬಲಿಯನ್ನು. ಪಂಪ 941ರಲ್ಲಿ ಆದಿಪುರಾಣದಲ್ಲಿ ಹೇಳಿದ ಕತೆ ನಿಮಗೆ ಗೊತ್ತು. ಭರತ-ಬಾಹುಬಲಿಯರ ಸೇನೆಗಳು ಎದುರುಬದುರಾದಾಗ, ಅಣ್ಣತಮ್ಮಂದಿರ ಜಗಳಕ್ಕೆ ಸಾವಿರಾರು ಜನ ಸಾಯಬಾರದೆಂದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳು ಗೊತ್ತಾದವು. ಗೆದ್ದವನು ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ಬಿಟ್ಟು ನಡೆದ. ಹೊಡೆದಾಟ ಇಲ್ಲಿಯೂ ಉಂಟು, ರೋಮಾಂಚವೂ ಉಂಟು. ಆದರೆ ಹೆಸರಿಲ್ಲದ ಒಬ್ಬ ಕಾಲಾಳಿನ ಪ್ರಾಣಕ್ಕೂ ಬೆಲೆ ಕಟ್ಟಿದ ಕತೆ ಇದು.

ಚಲನಚಿತ್ರ ಹುಟ್ಟಿದಾಗ ಈ ನಡೆ ಕೂಡಲೇ ತಪ್ಪಲಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಕಾಳಗದ ಕತೆಯೇ. ಆದರೆ ಅದರ ಹೆಸರು ಕಾದಿದ ಇಂದ್ರಜಿತುವಿನದಲ್ಲ, ಅವನನ್ನು ಕಳೆದುಕೊಂಡ ಹೆಂಡತಿಯದು. 1995ರ ‘ಓಂ’ ಚಿತ್ರದಲ್ಲಿ ಅರ್ಚಕರ ಮಗನೊಬ್ಬ ಮಚ್ಚು ಹಿಡಿದ. ಬೆಂಗಳೂರಿನ ನಿಜವಾದ ರೌಡಿಗಳೇ ಅದರಲ್ಲಿ ಕಾಣಿಸಿಕೊಂಡರು. ಅಲ್ಲಿಂದ ಮುಂದೆ ಮಚ್ಚು-ಲಾಂಗುಗಳ ಚಿತ್ರಗಳು ಸಾಲುಸಾಲಾಗಿ ಬಂದವು. 2018ರಲ್ಲೂ 2022ರಲ್ಲೂ ಬಂದ ‘ಕೆ.ಜಿ.ಎಫ್.’ ಚಿತ್ರಗಳು ದೇಶವನ್ನೆಲ್ಲ ಗೆದ್ದವು. ನಾಯಕ ಯಶ್ ನಮ್ಮ ಜಿಲ್ಲೆಯ ಭುವನಹಳ್ಳಿಯಲ್ಲಿ ಹುಟ್ಟಿದವರೆಂಬ ಹೆಮ್ಮೆ ನಮ್ಮ ಹುಡುಗರಿಗೆ ಬೇರೆ. ತಾಯಿಗೆ ಕೊಟ್ಟ ಮಾತಿನ ಛಲ ಆ ಚಿತ್ರಗಳಲ್ಲಿದೆ. ಗಣಿಯ ಜೀತದವರ ಸಂಕಟವೂ ಇದೆ. ಆದರೆ ನಾಯಕನ ಕೈಯಲ್ಲಿ ಉರುಳುವವರ ಪೈಕಿ ಎಷ್ಟು ಮಂದಿಯ ಹೆಸರು ನಮಗೆ ತಿಳಿಯುತ್ತದೆ? ಅವರಿಗಾಗಿ ಅತ್ತವರು ಎಷ್ಟು ಮಂದಿ?

ಇಲ್ಲಿ ಅರಕಲಗೂಡಿನ ಹೆಸರನ್ನು ತಮ್ಮ ಹೆಸರಿನ ಮೊದಲ ಅಕ್ಷರದಲ್ಲಿ ಹೊತ್ತ ಅ. ನ. ಕೃಷ್ಣರಾಯರನ್ನು ನೆನೆಯಬೇಕು. ವೇಶ್ಯಾ ಸಮಸ್ಯೆಯನ್ನು ಕುರಿತು ಅವರು ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಬರೆದಾಗ ಇವು ತರುಣರನ್ನು ಕೆಡಿಸುತ್ತವೆಂದು ದೊಡ್ಡ ಗದ್ದಲವೆದ್ದಿತು. ಅನಕೃ ಹಿಂಜರಿಯಲಿಲ್ಲ; ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ಬರೆಯುವ ಅವರ ಹಕ್ಕಿನ ಪರವಾಗಿಯೇ ನಾನಿದ್ದೇನೆ. ಆದರೆ ಕಾದಂಬರಿಯನ್ನು ಓದುಗ ತಾನೇ ಆರಿಸಿ ಕೈಗೆತ್ತಿಕೊಳ್ಳುತ್ತಾನೆ, ಬೇಡವಾದರೆ ಮುಚ್ಚಿಡುತ್ತಾನೆ. ಪಾಠವನ್ನು ಮಗು ಮುಚ್ಚಿಡುವಂತಿಲ್ಲ. ಅದನ್ನು ಓದಿ ಪರೀಕ್ಷೆ ಬರೆಯಲೇಬೇಕು. ಆದ್ದರಿಂದ ಪಾಠವಾಗುವುದಕ್ಕೆ ಇರಬೇಕಾದ ಯೋಗ್ಯತೆ ಬೇರೆಯೇ.

ಕಾನೂನೂ ವಯಸ್ಸಿನ ಮಾತನ್ನು ಬಿಟ್ಟಿಲ್ಲ. 1970ರಲ್ಲಿ ಕೆ. ಎ. ಅಬ್ಬಾಸರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಚಲನಚಿತ್ರ ಬೇರೆ ಕಲೆಗಳಿಗಿಂತ ಆಳವಾಗಿ ಮನಸ್ಸನ್ನು ಕಲಕಬಲ್ಲದು ಎಂಬ ಕಾರಣದಿಂದ ಸೆನ್ಸಾರನ್ನು ಎತ್ತಿಹಿಡಿಯಿತು. ‘ಎ’ ಪ್ರಮಾಣಪತ್ರದ ಚಿತ್ರವನ್ನು ಹದಿನೆಂಟು ತುಂಬದವರಿಗೆ ತೋರಿಸುವಂತಿಲ್ಲ. 2023ರ ತಿದ್ದುಪಡಿಯಿಂದ ‘ಯುಎ’ ದರ್ಜೆಯೂ 7, 13, 16 ವರ್ಷಗಳೆಂದು ಮೂರಾಗಿದೆ. ಅಲ್ಲಿ ತೀರ್ಮಾನ ತಂದೆತಾಯಿಗಳದು. ಆದರೆ ಹುಡುಗನ ಅಂಗೈಯಲ್ಲಿ ಫೋನಿರುವಾಗ ಬಾಗಿಲು ಕಾಯುವವರು ಯಾರು? ಅಜ್ಜಿಯಿಲ್ಲದೆ, ಮಾವನಿಲ್ಲದೆ, ಹೊದಿಕೆಯೊಳಗೆ ಅವನೊಬ್ಬನೇ ನೋಡುತ್ತಾನೆ. ನನಗೆ ಭಯ ಚಿತ್ರದ ರಕ್ತದ್ದಲ್ಲ, ಈ ಒಂಟಿತನದ್ದು.

ಆದಕಾರಣ ನನ್ನ ಅಭಿಪ್ರಾಯ ಇಷ್ಟು. ಹೊಡೆದಾಟದ ಚಿತ್ರವನ್ನು ಪಠ್ಯವನ್ನಾಗಿ ಮಾಡುವುದು ಬೇಡ. ತರಗತಿಯಲ್ಲಿ ತೋರಿಸುವುದೂ ಬೇಡ. ಆದರೆ ಮಕ್ಕಳು ಆಗಲೇ ನೋಡಿ ಬಂದದ್ದನ್ನು ಕುರಿತು ಮಾತಾಡಲು ಒಂದು ಪೀರಿಯಡ್ಡು ಬೇಕೇ ಬೇಕು. ಗದಾಯುದ್ಧದ ಪಾಠ ಮುಗಿದ ಮರುದಿನ ಅದಕ್ಕೆ ತಕ್ಕ ದಿನ. ಮೂರು ಪ್ರಶ್ನೆ ಸಾಕು: ಸತ್ತವನಿಗೆ ಹೆಸರಿತ್ತೆ? ಅವನಿಗಾಗಿ ಯಾರಾದರೂ ಅತ್ತರೆ? ಮರುದಿನ ಏನಾಯಿತು? ಚಿನ್ನದ ಗಣಿಯ ಚಿತ್ರವಾದರೆ, 2001ರಲ್ಲಿ ಮುಚ್ಚಿದ ಕೋಲಾರದ ನಿಜವಾದ ಗಣಿಯ ಕಾರ್ಮಿಕರ ಕತೆಯನ್ನೂ ಜೊತೆಗೆ ಹೇಳಬಹುದು. ಮನೆಯಲ್ಲಿ ನೀವೂ ಬೈಯುವ ಮೊದಲು ಒಂದು ಸಲ ಮಗನ ಪಕ್ಕದಲ್ಲಿ ಕುಳಿತು ನೋಡಿರಿ.

ಮುಂದಿನ ವಾರ ಆ ಹುಡುಗನಿಗೆ ಹೇಳಿದೆ: “ಭೀಮ ತೊಡೆ ಮುರಿದದ್ದಕ್ಕಾಗಿ ಅದು ಪಾಠವಾದದ್ದಲ್ಲಪ್ಪ. ತೊಡೆ ಮುರಿಸಿಕೊಂಡವನ ನೋವು ನಮಗೆ ತಿಳಿಯುವಂತೆ ರನ್ನ ಬರೆದನಲ್ಲ, ಅದಕ್ಕಾಗಿ.” ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಂಥ ಸಿನಿಮಾ ಬಂದರೆ ಪಾಠ ಮಾಡ್ತೀರಾ ಸಾರ್?” ಎಂದ.

ಮಾಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ.