ಓದಲು ಬಾರದ ಕರಾರು

1991ರ ಆಗಸ್ಟ್‌ನಲ್ಲಿ ಇಟಲಿಯಲ್ಲಿ ನಡೆದ 17 ವರ್ಷದೊಳಗಿನವರ ವಿಶ್ವ ಫುಟ್‌ಬಾಲ್ ಟೂರ್ನಿಯ ಫೈನಲ್‌ನಲ್ಲಿ ಘಾನಾ 1–0 ಗೋಲಿನಿಂದ ಸ್ಪೇನನ್ನು ಸೋಲಿಸಿತು. ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಸಲ್ಲುವ ಚಿನ್ನದ ಚೆಂಡು ಘಾನಾದ ನೀ ಒಡಾರ್ಟೆ ಲ್ಯಾಂಪ್ಟಿಯ ಪಾಲಾಯಿತು. ಮುಂದೆ ಜಗತ್ತೇ ಕೊಂಡಾಡಿದ ಅಲೆಸ್ಸಾಂಡ್ರೊ ಡೆಲ್ ಪಿಯೆರೊ, ಹುವಾನ್ ಸೆಬಾಸ್ಟಿಯನ್ ವೆರೋನ್ ಕೂಡ ಆ ಟೂರ್ನಿಯಲ್ಲಿ ಆಡಿದ್ದರು. ಪೆಲೆಯ ಉತ್ತರಾಧಿಕಾರಿ ಲ್ಯಾಂಪ್ಟಿಯೇ ಎಂಬ ಮಾತು ಎಲ್ಲೆಡೆ ಹಬ್ಬಿತು. ಆದರೆ ಲ್ಯಾಂಪ್ಟಿ ಘಾನಾ ಪರ ಕೊನೆಯ ಪಂದ್ಯ ಆಡಿದ್ದು 1996ರಲ್ಲಿ, 21ನೆಯ ವಯಸ್ಸಿನಲ್ಲಿ. ಈ ಏಳುಬೀಳು ಅರ್ಥವಾಗಬೇಕಾದರೆ ಘಾನಾದಿಂದ ಯುರೋಪಿಗೆ ಹೋದ ಆಟಗಾರರ ಹಾದಿಯನ್ನು ಹಿಂದಿನಿಂದ ನೋಡಿಕೊಂಡು ಬರಬೇಕು.

ಆ ಹಾದಿ ಹಳೆಯದು. ಅಕ್ರಾದಲ್ಲಿ 1865ರಲ್ಲಿ ಹುಟ್ಟಿದ ಆರ್ಥರ್ ವಾರ್ಟನ್ ಧರ್ಮಪ್ರಚಾರಕನಾಗುವ ಶಿಕ್ಷಣಕ್ಕೆಂದು ಇಂಗ್ಲೆಂಡಿಗೆ ಹೋಗಿ ಗೋಲ್‌ಕೀಪರ್ ಆದವರು. 1889ರಲ್ಲಿ ರಾದರಂ ಟೌನ್ ಸೇರಿದ ಅವರನ್ನು ಮೊದಲ ಕಪ್ಪು ವೃತ್ತಿಪರ ಫುಟ್‌ಬಾಲಿಗ ಎಂದು ಗುರುತಿಸಲಾಗುತ್ತದೆ. ಕೊನೆಗಾಲದಲ್ಲಿ ಕಲ್ಲಿದ್ದಲು ಗಣಿಯಲ್ಲಿ ದುಡಿದು 1930ರಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಹೆಸರು ಕೆತ್ತಿದ ಕಲ್ಲು ಬಿದ್ದದ್ದು 1997ರಲ್ಲಿ. 1960ರಲ್ಲಿ ಘಾನಾದ ಆಟಗಾರ ಸಿ.ಕೆ. ಜ್ಯಾಮ್‌ಫಿ ಜರ್ಮನಿಯ ಫೋರ್ಚುನಾ ಡ್ಯುಸೆಲ್ಡಾರ್ಫ್ ಕ್ಲಬ್ ಸೇರಿದರು. ತಾಯ್ನಾಡಿಗೆ ಮರಳಿ ಕೋಚ್ ಆಗಿ 1963, 1965 ಮತ್ತು 1982ರಲ್ಲಿ ಘಾನಾಕ್ಕೆ ಆಫ್ರಿಕಾ ಕಪ್ ಗೆದ್ದುಕೊಟ್ಟರು. ಇವರಿಬ್ಬರೂ ವೃತ್ತಿಪರ ಆಟಕ್ಕಿಳಿದದ್ದು ಬುದ್ಧಿ ಬಲಿತ ಮೇಲೆ. 1980ರ ದಶಕದ ಕೊನೆಗೆ ಈ ಲೆಕ್ಕಾಚಾರ ಬದಲಾಯಿತು. ಯುರೋಪಿನ ಕ್ಲಬ್‌ಗಳ ಕಣ್ಣು ಹದಿನಾಲ್ಕು, ಹದಿನೈದರ ಹುಡುಗರ ಮೇಲೆ ಬಿತ್ತು. ಎಳೆಯ ಹುಡುಗನನ್ನು ಅಗ್ಗಕ್ಕೆ ತಂದು, ಪಳಗಿಸಿ, ದುಬಾರಿಗೆ ಮಾರಬಹುದಿತ್ತು.

ಘಾನಾದ ಊರುಕೇರಿಗಳಲ್ಲಿ ಎಳೆಯರ ಫುಟ್‌ಬಾಲ್‌ಗೆ ‘ಕೋಲ್ಟ್ಸ್’ ಎನ್ನುತ್ತಾರೆ. ಲ್ಯಾಂಪ್ಟಿ ಅಲ್ಲಿಂದ ಎದ್ದು ಬಂದ ಹುಡುಗ. 1974ರ ಡಿಸೆಂಬರ್‌ನಲ್ಲಿ ಹುಟ್ಟಿದವನು. ಮನೆಯಲ್ಲಿ ಹೊಡೆತ ತಾಳಲಾರದೆ ಎಷ್ಟೋ ರಾತ್ರಿ ಹೊರಗೆಲ್ಲೋ ಮಲಗುತ್ತಿದ್ದ. ತಂದೆತಾಯಿ ಬೇರೆಯಾದಾಗ ಕುಮಾಸಿಯಲ್ಲಿ ಮುಸ್ಲಿಮರು ನಡೆಸುತ್ತಿದ್ದ ಫುಟ್‌ಬಾಲ್ ಶಿಬಿರ ಸೇರಿ, ಅಲ್ಲೇ ಇಸ್ಲಾಂ ಸ್ವೀಕರಿಸಿದ. ಈ ಅಲೆದಾಟದಲ್ಲಿ ಶಾಲೆ ತಪ್ಪಿತು, ಓದುಬರಹ ಹತ್ತಲಿಲ್ಲ. ಅವನ ಬಾಳಿನ ದೊಡ್ಡ ನಷ್ಟ ಇದೇ. ಮುಂದಿನ ಕಷ್ಟಗಳೆಲ್ಲ ಇದರ ಬೆನ್ನು ಹಿಡಿದೇ ಬಂದವು.

1989ರಲ್ಲಿ ಸ್ಕಾಟ್ಲೆಂಡ್‌ನಲ್ಲಿ ನಡೆದ 16 ವರ್ಷದೊಳಗಿನವರ ಟೂರ್ನಿಯಲ್ಲಿ ಅವನ ಆಟ ಯುರೋಪಿನ ಕಣ್ಣಿಗೆ ಬಿತ್ತು. ಹುಡುಗರು ಕೈತಪ್ಪಿಯಾರೆಂದು ಘಾನಾದ ಅಧಿಕಾರಿಗಳು ಪಾಸ್‌ಪೋರ್ಟ್‌ಗಳನ್ನು ಇಟ್ಟುಕೊಂಡರು. ಲ್ಯಾಂಪ್ಟಿ ಒಬ್ಬ ಟ್ಯಾಕ್ಸಿ ಚಾಲಕನ ನೆರವಿನಿಂದ ಗುಟ್ಟಾಗಿ ಟೋಗೊ ಮತ್ತು ಬೆನಿನ್ ದಾಟಿ ನೈಜೀರಿಯಾದ ಲಾಗೋಸ್ ಮುಟ್ಟಿದ. ಆಗ ನೈಜೀರಿಯಾ ಫುಟ್‌ಬಾಲ್ ತಂಡದ ನಾಯಕ ಸ್ಟೀಫನ್ ಕೇಶಿ ಬೆಲ್ಜಿಯಂನ ಆಂಡರ್‌ಲೆಕ್ಟ್ ಕ್ಲಬ್ಬಿನಲ್ಲಿ ಆಡುತ್ತಿದ್ದರು. ಕೇಶಿ ಮನೆಯ ಹುಡುಗನೆಂಬ ಗುರುತಿನಲ್ಲಿ ಲ್ಯಾಂಪ್ಟಿ ಬ್ರಸೆಲ್ಸ್ ತಲುಪಿದ. ಹೆಸರು ಬೇರೆ, ದೇಶ ಬೇರೆ, ಕಾಗದವೂ ಬೇರೆ. ಕಾಲು ಮಾತ್ರ ಅವನದೇ.

ಆಂಡರ್‌ಲೆಕ್ಟ್‌ನಲ್ಲಿ ಅವನು ಮೊದಲ ಪಂದ್ಯ ಆಡಿದಾಗ ವಯಸ್ಸು ಬರೀ 16. ಅಷ್ಟು ಎಳೆಯವನನ್ನು ಆಡಿಸಲು ಬೆಲ್ಜಿಯಂ ಲೀಗ್ ತನ್ನ ವಯೋಮಿತಿಯನ್ನೇ ಸಡಿಲಿಸಿತು. ಬಂದ ಕೂಡಲೇ ಗೋಲು ಹೊಡೆದ. ಆ ಋತುವಿನಲ್ಲಿ ಆಂಡರ್‌ಲೆಕ್ಟ್ ಲೀಗ್ ಗೆದ್ದಿತು. ಮರುವರ್ಷ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಘಾನಾ ತಂಡದಲ್ಲೂ ಲ್ಯಾಂಪ್ಟಿ ಇದ್ದರು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಆಫ್ರಿಕಾಕ್ಕೆ ಅದು ಮೊದಲ ಪದಕ. 1993–94ರಲ್ಲಿ ಹಾಲೆಂಡಿನ ಪಿಎಸ್‌ವಿ ಐಂಡ್‌ಹೋವನ್‌ಗೆ ಹೋಗಿ ಒಳ್ಳೆಯ ಋತು ಕಂಡರು.

ಇಷ್ಟರಲ್ಲಿ ಅವರು ಒಬ್ಬ ಏಜೆಂಟ್ ಮುಂದಿಟ್ಟ ಕಾಗದಕ್ಕೆ ಸಹಿ ಹಾಕಿಯಾಗಿತ್ತು. ಕರಾರಿನಲ್ಲಿ ಏನಿದೆಯೆಂದು ಓದಿ ನೋಡುವ ಶಕ್ತಿ ಅವರಿಗಿರಲಿಲ್ಲ, ಓದಿ ಹೇಳುವ ಬಂಧುಗಳೂ ಹತ್ತಿರವಿರಲಿಲ್ಲ. ಪ್ರತಿ ವರ್ಗಾವಣೆಯ ಹಣದಲ್ಲೂ ಏಜೆಂಟ್‌ಗೆ ಪಾಲು. ಆಟಗಾರ ಒಂದೆಡೆ ನೆಲೆಯೂರಿದರೆ ಅಂಥ ಕರಾರಿಗೆ ಲಾಭವಿಲ್ಲ, ಊರೂರು ಅಲೆದರಷ್ಟೇ ಲಾಭ. ಅವರ ಪ್ರತಿಭೆ ಬತ್ತಿತೆನ್ನುವುದಕ್ಕಿಂತ ಬೇರು ಬಿಡಲು ಮಣ್ಣು ಸಿಗಲಿಲ್ಲ ಎನ್ನುವುದೇ ಸರಿ.

1994ರಲ್ಲಿ ಇಂಗ್ಲೆಂಡಿನ ಆಸ್ಟನ್ ವಿಲ್ಲಾದ ಮ್ಯಾನೇಜರ್ ರಾನ್ ಅಟ್ಕಿನ್ಸನ್ ಲ್ಯಾಂಪ್ಟಿಯನ್ನು ತಮ್ಮ ಕ್ಲಬ್ಬಿಗೆ ಕರೆತಂದರು. ಕೆಲವೇ ತಿಂಗಳಲ್ಲಿ ಅಟ್ಕಿನ್ಸನ್ ಕೆಲಸವೇ ಹೋಯಿತು. ಲ್ಯಾಂಪ್ಟಿಗೆ ಲೀಗ್‌ನಲ್ಲಿ ಸಿಕ್ಕಿದ್ದು ಆರು ಪಂದ್ಯ, ಒಂದೂ ಗೋಲಿಲ್ಲ. ಮುಂದಿನ ವರ್ಷ ಅಟ್ಕಿನ್ಸನ್ ಜೊತೆ ಕಾವೆಂಟ್ರಿಗೆ ಹೋದರು, ಅಲ್ಲೂ ಅದೇ ಕತೆ. ಆಗ ಕೆಲಸದ ಪರವಾನಗಿ ಬೇಕಾದರೆ ದೇಶದ ಪರ ಸಾಕಷ್ಟು ಪಂದ್ಯ ಆಡಿರಬೇಕಿತ್ತು. ದೇಶಕ್ಕಾಗಿ ಹೋದರೆ ಕ್ಲಬ್ಬಿನಲ್ಲಿ ಜಾಗ ಇನ್ನೊಬ್ಬನ ಪಾಲಾಗುತ್ತಿತ್ತು. ಈ ಇಕ್ಕಟ್ಟಿನಲ್ಲಿ ಇಂಗ್ಲೆಂಡಿನ ಬಾಗಿಲು ಮುಚ್ಚಿತು.

ಅಲ್ಲಿಂದಾಚೆಗೆ ವೆನಿಸ್, ಅರ್ಜೆಂಟೀನಾದ ಸಾಂತಾ ಫೆ, ಟರ್ಕಿಯ ಅಂಕಾರಾ, ಪೋರ್ಚುಗಲ್‌ನ ಲೇರಿಯಾ, ಜರ್ಮನಿಯ ಫ್ಯೂರ್ಟ್, ಚೀನಾದ ಶಾಂಡಾಂಗ್. ಪ್ರತಿ ನಿಲ್ದಾಣದಲ್ಲೂ ಹೊಸ ಭಾಷೆ, ಹೊಸ ಕೋಚ್. ಅರ್ಜೆಂಟೀನಾದಲ್ಲಿ ಎಳೆಯ ಮಗ, ಜರ್ಮನಿಯಲ್ಲಿ ಮಗಳು ತೀರಿಕೊಂಡರು. ಮಕ್ಕಳನ್ನು ಪರನಾಡಿನಲ್ಲಿ ಕಳೆದುಕೊಂಡವನ ಆಟವನ್ನು ಬರೀ ಗೋಲಿನ ಲೆಕ್ಕದಲ್ಲಿ ಅಳೆಯುವುದು ಅನ್ಯಾಯ. 2005ರ ಸುಮಾರಿಗೆ ಅವರು ಘಾನಾದ ಅಸಾಂಟೆ ಕೊಟೊಕೊಗೆ ಮರಳಿ, ಬಳಿಕ ದಕ್ಷಿಣ ಆಫ್ರಿಕಾದ ಜೋಮೊ ಕಾಸ್ಮಾಸ್‌ನಲ್ಲಿ ಆಡಿ ವೃತ್ತಿ ಮುಗಿಸಿದರು.

ಹುಡುಗರ ವ್ಯಾಪಾರಕ್ಕೆ ಕಡಿವಾಣ ಬಿದ್ದದ್ದು ತಡವಾಗಿ. 2000ದಲ್ಲಿ ಕ್ಯಾಮರೂನ್‌ನ ಮಾಜಿ ಆಟಗಾರ ಜಾನ್ ಕ್ಲೋದ್ ಎಂವೂಮಾ ಪ್ಯಾರಿಸ್‌ನಲ್ಲಿ ‘ಫೂಟ್ ಸಾಲಿಡೇರ್’ ಕಟ್ಟಿ, ಏಜೆಂಟರು ಕರೆತಂದು ಬೀದಿಪಾಲು ಮಾಡಿದ ಬಾಲಕರ ನೆರವಿಗೆ ನಿಂತರು. 2001ರಲ್ಲಿ ಫಿಫಾ, ಕೆಲವು ವಿನಾಯಿತಿ ಬಿಟ್ಟು, 18 ವರ್ಷದೊಳಗಿನವರ ಅಂತಾರಾಷ್ಟ್ರೀಯ ವರ್ಗಾವಣೆಯನ್ನು ತಡೆಯಿತು. ಘಾನಾದಲ್ಲೇ ಆಟದ ಜೊತೆ ಪಾಠವನ್ನೂ ಕಲಿಸುವ ‘ರೈಟ್ ಟು ಡ್ರೀಮ್’ ಅಕಾಡೆಮಿ 1999ರಲ್ಲಿ ಶುರುವಾಗಿತ್ತು.

ಲ್ಯಾಂಪ್ಟಿ ಉಳಿದ ಹಣ ಹಾಕಿ ಜಾನುವಾರು ಸಾಕಿದರು. ಅಕ್ರಾದಲ್ಲಿ ಒಂದು ಶಾಲೆಯನ್ನೂ ತೆರೆದರು. ಅದರ ಹೆಸರು ‘ಗ್ಲೋ ಲ್ಯಾಂಪ್’.